ಯಾವ ಕಾಲಂನಲ್ಲಿದೆಯೋ ತಿಳಿಯದ ಹೆಸರು: ಡಿಬೀವರ್ ಹುಡುಕಾಟದ ಒಂದು ವಿಮರ್ಶೆ

ಮುಂಬಯಿಯ ಕನ್ನಡ ಸಂಘಗಳ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದವರು ಹೆಚ್ಚಾಗಿ ಸ್ವಯಂಸೇವಕರೇ ಆಗಿರುವುದರಿಂದ, ಅಲ್ಲಿನ ಟೇಬಲ್‌ಗಳಲ್ಲಿ ಆಯಾ ಕಾಲದ ಕಾರ್ಯದರ್ಶಿಗೆ ತೋಚಿದಂತೆ ಕಾಲಂಗಳು ಸೇರಿಕೊಂಡಿರುತ್ತವೆ. ಸದಸ್ಯರ ಹೆಸರು, ತಂದೆಯ ಅಥವಾ ಗಂಡನ ಹೆಸರು, ನಾಮಿನಿ, ಪರಿಚಯಿಸಿದವರು, ಮುಂಬಯಿಯ ವಿಳಾಸ, ಊರಿನ ವಿಳಾಸ, ಎರಡು ಮೂರು ದೂರವಾಣಿ ಸಂಖ್ಯೆಗಳು, ಕೊನೆಗೆ ಎಲ್ಲಿಯೂ ಹಿಡಿಸದ ವಿಷಯಗಳಿಗೆಂದು ಒಂದು ಷರಾ. ಡೊಂಬಿವಲಿಯಿಂದಲೋ ವಸಾಯಿಯಿಂದಲೋ ಒಬ್ಬರು ಬಂದು, ತಮ್ಮ ತಂದೆ ಆಜೀವ ಸದಸ್ಯರಾಗಿದ್ದರು, ಸದಸ್ಯತ್ವದ ಸಂಖ್ಯೆ ತಿಳಿಯದು, ಹೆಸರು ಮಾತ್ರ ಗೊತ್ತು ಎಂದರೆ, ಆ ಹೆಸರು ಇವುಗಳಲ್ಲಿ ಯಾವ ಕಾಲಂನಲ್ಲಿಯಾದರೂ ಇರಬಹುದು. ಒಂದೊಂದೇ ಕಾಲಂಗೆ ಪ್ರತ್ಯೇಕ ಪ್ರಶ್ನೆ (ಡೇಟಾಬೇಸಿಗೆ ಕೊಡುವ ಹುಡುಕಾಟದ ಆದೇಶ) ಬರೆದು ಹುಡುಕುವುದು ಬೇಸರದ ಕೆಲಸ. ನಡುವೆ ಒಂದು ಕಾಲಂ ಬಿಟ್ಟುಹೋದರೆ ಅದು ಯಾರ ಗಮನಕ್ಕೂ ಬರುವುದಿಲ್ಲ. ಈ ಕೆಲಸಕ್ಕೆಂದು ನಾನು ಬಳಸುತ್ತಿರುವುದು ಡಿಬೀವರ್, ಡೇಟಾಬೇಸುಗಳನ್ನು ತೆರೆದು ನೋಡುವ ಒಂದು ತಂತ್ರಾಂಶ. ಅದರ ಉಚಿತ ಆವೃತ್ತಿಯಲ್ಲಿರುವ, ಇಡೀ ಡೇಟಾಬೇಸಿನ ಎಲ್ಲ ಕಾಲಂಗಳನ್ನೂ ಒಮ್ಮೆಗೇ ಶೋಧಿಸುವ ಸೌಲಭ್ಯವಷ್ಟೇ ಈ ವಿಮರ್ಶೆಯ ವಿಷಯ. ತಂತ್ರಾಂಶದ ಉಳಿದ ಗುಣದೋಷಗಳಿಗೆ ಇಲ್ಲಿ ಕೈಹಾಕಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇದು ‘ಸಿಕ್ಕಿತು’ ಎಂದರೆ ನಂಬಬಹುದು. ‘ಸಿಗಲಿಲ್ಲ’ ಎಂದರೆ, ಅದು ಏನನ್ನು ನೋಡಿತು, ಏನನ್ನು ನೋಡದೆ ಬಿಟ್ಟಿತು ಎಂಬುದನ್ನು ಪರಿಶೀಲಿಸುವ ತನಕ ನಂಬಬಾರದು.

ಡಿಬೀವರ್‌ನ ಸಮುದಾಯ ಆವೃತ್ತಿ ಅಪಾಚೆ ಪರವಾನಗಿಯಡಿ ಮುಕ್ತವಾಗಿ ದೊರೆಯುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಎಸ್‌ಕ್ಯೂಎಲ್, ಎಸ್‌ಕ್ಯೂಲೈಟ್ ಮುಂತಾದ ಡೇಟಾಬೇಸು ತಂತ್ರಾಂಶಗಳೊಡನೆ ಮಾತಾಡಲು ಬೇಕಾದ ಡ್ರೈವರನ್ನು ಮೊದಲ ಸಂಪರ್ಕದ ವೇಳೆಯಲ್ಲಿ ತಾನೇ ಇಳಿಸಿಕೊಳ್ಳುತ್ತದೆ. ಜಾವಾ ಮತ್ತು ಎಕ್ಲಿಪ್ಸ್ ಬುನಾದಿಯ ಮೇಲೆ ಕಟ್ಟಿದ್ದರಿಂದ ತೆರೆದುಕೊಳ್ಳಲು ಸ್ವಲ್ಪ ಸಮಯ ತೆಗೆದುಕೊಳ್ಳುತ್ತದೆ. ಸಂಘದ ಕಚೇರಿಗಳಲ್ಲಿ ದಾನವಾಗಿ ಬಂದ ಹಳೆಯ ಕಂಪ್ಯೂಟರುಗಳಲ್ಲಿ ಈ ನಿಧಾನ ಚೆನ್ನಾಗಿಯೇ ಅನುಭವಕ್ಕೆ ಬರುತ್ತದೆ.

ಹೊಸಬರು ಮೊದಲು ಗೊಂದಲಕ್ಕೆ ಒಳಗಾಗುವುದು ಇಲ್ಲಿರುವ ಎರಡು ಬೇರೆ ಬೇರೆ ಹುಡುಕಾಟಗಳ ವಿಷಯದಲ್ಲಿ. ಟೇಬಲ್ ತೆರೆದು ಕಂಟ್ರೋಲ್ ಮತ್ತು ಎಫ್ ಒತ್ತಿದರೆ ಬರುವ ಪೆಟ್ಟಿಗೆಯು ಪರದೆಗೆ ಆಗಲೇ ಬಂದಿರುವ ಸಾಲುಗಳಲ್ಲಿ ಮಾತ್ರ ಹುಡುಕುತ್ತದೆ. ಡಿಬೀವರ್ ಒಮ್ಮೆಗೆ ತರುವುದು, ನಾವು ಬದಲಿಸದಿದ್ದರೆ, 200 ಸಾಲುಗಳನ್ನು. ಸಾವಿರಾರು ಸದಸ್ಯರಿರುವ ಟೇಬಲ್‌ನಲ್ಲಿ ಈ ಪೆಟ್ಟಿಗೆ ‘ಇಲ್ಲ’ ಎಂದರೆ ಮೊದಲ ಇನ್ನೂರರಲ್ಲಿ ಇಲ್ಲ ಎಂದಷ್ಟೇ ಅರ್ಥ. ನಮಗೆ ಬೇಕಾದ ನಿಜವಾದ ಶೋಧ ಇರುವುದು ಮೇಲಿನ ಮೆನುವಿನ ಸರ್ಚ್ ವಿಭಾಗದೊಳಗೆ, ಡಿಬಿ ಫುಲ್ ಟೆಕ್ಸ್ಟ್ ಎಂಬ ಹೆಸರಿನಲ್ಲಿ. ಡೇಟಾಬೇಸುಗಳು ಬೇಗ ಹುಡುಕಲೆಂದು, ಪುಸ್ತಕದ ಕೊನೆಯ ಪದಸೂಚಿಯಂತೆ, ತಮ್ಮೊಳಗೆ ಕಟ್ಟಿಕೊಳ್ಳುವ ಫುಲ್ ಟೆಕ್ಸ್ಟ್ ಸೂಚಿಗೂ ಇದಕ್ಕೂ ಸಂಬಂಧವಿಲ್ಲ. ಅಂಥ ಸೂಚಿ ಯಾವ ಟೇಬಲ್‌ಗೂ ಇಲ್ಲದಿದ್ದರೂ ಈ ಶೋಧ ನಡೆಯುತ್ತದೆ.

ಆ ಕಿಟಕಿಯಲ್ಲಿ ಹುಡುಕಬೇಕಾದ ಪದವನ್ನು ಬರೆದು, ಡೇಟಾಬೇಸುಗಳನ್ನು ಮರದ ಕವಲುಗಳಂತೆ ತೋರಿಸುವ ಪಟ್ಟಿಯಿಂದ ಬೇಕಾದ ಟೇಬಲ್‌ಗಳನ್ನು ಆರಿಸಬೇಕು. ಒಂದೇ ಟೇಬಲ್ ಆರಿಸಿದರೆ ಅದರ ಕಾಲಂಗಳಲ್ಲಿ ಮಾತ್ರ, ಇಡೀ ಸ್ಕೀಮಾ, ಅಂದರೆ ಟೇಬಲ್‌ಗಳ ಗುಂಪನ್ನು, ಆರಿಸಿದರೆ ಅದರೊಳಗಿನ ಎಲ್ಲ ಟೇಬಲ್‌ಗಳಲ್ಲಿ ಹುಡುಕುತ್ತದೆ. ಫಲಿತಾಂಶದಲ್ಲಿ ಪದ ಯಾವ ಯಾವ ಟೇಬಲ್‌ಗಳಲ್ಲಿ ದೊರೆಯಿತೆಂಬ ಪಟ್ಟಿ ಬರುತ್ತದೆ, ಅದರಲ್ಲಿ ಒಂದನ್ನು ತೆರೆದರೆ ಹೊಂದಿಕೆಯಾದ ಸಾಲುಗಳಷ್ಟೇ ಸೋಸಿ ಬರುತ್ತವೆ. ಸೋಸುವ ಷರತ್ತು ಮೇಲ್ಭಾಗದಲ್ಲಿ ಕಾಣುವುದರಿಂದ ಯಾವ ಯಾವ ಕಾಲಂಗಳನ್ನು ನೋಡಿತೆಂಬುದನ್ನು ಓದಿಕೊಳ್ಳಬಹುದು. ನನಗೆ ಈ ತಂತ್ರಾಂಶದಲ್ಲಿ ಅತಿ ಮೆಚ್ಚಿಗೆಯಾದದ್ದು ಇದೇ. ತಾನು ಮಾಡಿದ್ದನ್ನು ಮುಚ್ಚಿಡದ ಉಪಕರಣದ ಮೇಲೆ ವಿಶ್ವಾಸ ಬೆಳೆಯುವುದು ಸುಲಭ.

ಒಳಗೆ ನಡೆಯುವ ಕೆಲಸ ಸರಳವಾದದ್ದು. ಪಠ್ಯ ಇರುವ ಪ್ರತಿ ಕಾಲಂಗೂ ‘ಲೈಕ್’ ಎಂಬ ಹೋಲಿಕೆಯನ್ನು ಹಾಕಿ, ಹುಡುಕುವ ಪದದ ಹಿಂದೆಯೂ ಮುಂದೆಯೂ % ಚಿಹ್ನೆಯನ್ನಿಟ್ಟು, ಎಲ್ಲವನ್ನೂ ‘ಆರ್’ ಎಂಬ ಪದದಿಂದ ಜೋಡಿಸಿದ ಒಂದು ಪ್ರಶ್ನೆ ಸಿದ್ಧವಾಗುತ್ತದೆ. ಪದದ ಮೊದಲಲ್ಲಿಯೇ % ಇರುವುದರಿಂದ ಕಾಲಂಗೆ ಸಾಮಾನ್ಯ ಸೂಚಿಯಿದ್ದರೂ ಉಪಯೋಗಕ್ಕೆ ಬರುವುದಿಲ್ಲ. ದೂರವಾಣಿ ಪುಸ್ತಕದಲ್ಲಿ ಹೆಸರಿನ ಮೊದಲಕ್ಷರ ಗೊತ್ತಿಲ್ಲದೆ ಹುಡುಕುವವನು ಎಲ್ಲ ಪುಟಗಳನ್ನೂ ತಿರುವಿಹಾಕಬೇಕಾದಂತೆ, ಡೇಟಾಬೇಸು ಟೇಬಲ್‌ನ ಪ್ರತಿ ಸಾಲನ್ನೂ ಓದಲೇಬೇಕಾಗುತ್ತದೆ. ಸಂಘದ ಗಾತ್ರದ ದಾಖಲೆಗೆ ಇದು ಏನೂ ಅಲ್ಲ. ಅಂಧೇರಿಯ ಕಂಪನಿಯೊಂದರ ಕೋಟ್ಯಂತರ ಸಾಲುಗಳ ವ್ಯವಹಾರದ ಟೇಬಲ್ ಮೇಲೆ, ಅದೂ ಕೆಲಸದ ಹೊತ್ತಿನಲ್ಲಿ, ಇದೇ ಶೋಧವನ್ನು ಹಚ್ಚಿದರೆ ಅಲ್ಲಿನ ಡೇಟಾಬೇಸು ನೋಡಿಕೊಳ್ಳುವವರಿಂದ ಫೋನು ಬರುವುದು ಖಚಿತ. ಅಂಥಲ್ಲಿ ನಕಲು ಪ್ರತಿಯ ಮೇಲೆ ಹುಡುಕುವುದೇ ಸರಿ.

ಆಯ್ಕೆಗಳ ವಿಷಯಕ್ಕೆ ಬಂದರೆ, ‘ಸಿಗಲಿಲ್ಲ’ ಎಂಬ ಉತ್ತರದ ಬೆಲೆ ನಿರ್ಧಾರವಾಗುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ನಿಂತು ನೋಡಬೇಕು. ಸಂಖ್ಯೆಗಳಿರುವ ಕಾಲಂಗಳನ್ನು ನೋಡಲು ಒಂದು ಗುರುತು, ಉದ್ದನೆಯ ಪಠ್ಯವನ್ನೂ ಕಡತಗಳನ್ನೂ ಹಿಡಿದಿಡುವ ದೊಡ್ಡ ಕಾಲಂಗಳನ್ನು ನೋಡಲು ಇನ್ನೊಂದು ಗುರುತು, ಸೂಚಿ ಇರುವ ಕಾಲಂಗಳನ್ನಷ್ಟೇ ನೋಡಿ ಬೇಗ ಮುಗಿಸಲು ಮತ್ತೊಂದು ಗುರುತು, ಅಕ್ಷರಗಳ ದೊಡ್ಡದು ಚಿಕ್ಕದು ಎಂಬ ಭೇದಕ್ಕೆ ಒಂದು, ಪ್ರತಿ ಟೇಬಲ್‌ನಿಂದ ಎಷ್ಟು ಸಾಲು ಎಂಬ ಮಿತಿಗೆ ಒಂದು ಅಂಕಿ ಇವೆ. ವೇಗದ ಗುರುತನ್ನು ಹಾಕಿಬಿಟ್ಟರೆ ಷರಾದಂಥ ಕಾಲಂ ಪೂರ್ತಿ ಹೊರಗುಳಿಯುತ್ತದೆ, ಏಕೆಂದರೆ ಷರಾಕ್ಕೆ ಯಾರೂ ಸೂಚಿ ಕಟ್ಟಿರುವುದಿಲ್ಲ. ಸಂಖ್ಯೆಯ ಗುರುತನ್ನು ಹಾಕದೆ ಬಿಟ್ಟರೆ, ರಸೀದಿಯ ಸಂಖ್ಯೆಯನ್ನು ಪೂರ್ಣಾಂಕವಾಗಿ ಇಟ್ಟಿರುವ ಟೇಬಲ್‌ನಲ್ಲಿ ಅದು ಕಣ್ಣೆದುರೇ ಇದ್ದರೂ ದೊರೆಯುವುದಿಲ್ಲ. ಪರೀಕ್ಷೆಗೆಂದು ಮಾಡಿಕೊಂಡ ನಕಲು ಡೇಟಾಬೇಸಿನಲ್ಲಿ ಒಂದೇ ಕಲ್ಪಿತ ಹೆಸರನ್ನು ಬೇರೆ ಬೇರೆ ಬಗೆಯ ಕಾಲಂಗಳಲ್ಲಿ ಬರೆದಿಟ್ಟು ಹುಡುಕಿ ನೋಡಿದರೆ ಯಾವ ಗುರುತು ಏನು ಮಾಡುತ್ತದೆಂಬುದು ನಿಶ್ಚಯವಾಗಿ ತಿಳಿಯುತ್ತದೆ. ಬಳಸಲು ಆರಂಭಿಸುವ ಮೊದಲು ಪ್ರತಿಯೊಬ್ಬರೂ ಇದನ್ನು ಮಾಡಿಕೊಳ್ಳಬೇಕೆಂಬುದು ನನ್ನ ಸಲಹೆ. ತಂತ್ರಾಂಶವು ತಾನು ಕೈಬಿಟ್ಟ ಕಾಲಂಗಳ ಪಟ್ಟಿಯನ್ನು ಫಲಿತಾಂಶದ ಜೊತೆಗೇ ಕೊಡುವಂತಿದ್ದರೆ ಈ ಶ್ರಮ ಬೇಕಾಗುತ್ತಿರಲಿಲ್ಲ. ನನ್ನ ಮುಖ್ಯ ಆಕ್ಷೇಪ ಇದೊಂದೇ.

ಆದರೆ ಮುಂಬಯಿಯ ಕನ್ನಡಿಗರ ದಾಖಲೆಗಳಲ್ಲಿ ಹೆಸರು ಸಿಗದಿರುವುದಕ್ಕೆ ತಂತ್ರಾಂಶಕ್ಕಿಂತ ದೊಡ್ಡ ಕಾರಣ ಬರವಣಿಗೆಯೇ. ‘ಕೋಟ್ಯಾನ್’ ಎಂಬ ಹೆಸರನ್ನು ತೆಗೆದುಕೊಳ್ಳಿ. ಅದರ ಮೊದಲ ಅಕ್ಷರದ ಓತ್ವವು, ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಸಂಕೇತ ಕೊಡುವ ಯುನಿಕೋಡ್‌ನಲ್ಲಿ, ಒಂದೇ ಸಂಕೇತವಾಗಿ ಇರಬಹುದು. ಅಥವಾ ಎತ್ವ, ಊತ್ವ, ದೀರ್ಘದ ಚಿಹ್ನೆ ಎಂಬ ಮೂರು ಸಂಕೇತಗಳು ಸೇರಿ ಆಗಿರಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಕಾಗದದ ಮೇಲೆ ಮುದ್ರಿಸಿದರೂ ಒಂದೇ. ಆದರೆ ಲೈಕ್ ಹೋಲಿಕೆ ಸಂಕೇತದ ಪಕ್ಕದಲ್ಲಿ ಸಂಕೇತವನ್ನಿಟ್ಟು ನೋಡುವುದರಿಂದ ಒಂದು ರೂಪದಲ್ಲಿ ಹುಡುಕಿದಾಗ ಇನ್ನೊಂದು ರೂಪ ತಪ್ಪಿಸಿಕೊಳ್ಳುತ್ತದೆ. ದೀರ್ಘದ ಈತ್ವ, ಏತ್ವಗಳಿಗೂ ಐತ್ವಕ್ಕೂ ಇದೇ ತೊಡಕು. ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನ 13ನೆಯ ಆವೃತ್ತಿಯಿಂದ ಈಚೆಗೆ ಪಠ್ಯವನ್ನು ಒಂದೇ ರೂಪಕ್ಕೆ ತರುವ ‘ನಾರ್ಮಲೈಸ್’ ಎಂಬ ಸೌಕರ್ಯ ಒಳಗೇ ಇದೆ. ಆ ಸೌಕರ್ಯವಿಲ್ಲದಲ್ಲಿ ದಾಖಲೆಯನ್ನು ಹೊರತೆಗೆದು, ಪೈಥಾನ್‌ನಂಥ ಭಾಷೆಯಲ್ಲಿ ಸರಿಪಡಿಸಿ ಮತ್ತೆ ಒಳಗೆ ಹಾಕುವುದು ಒಂದು ದಾರಿ.

ಎರಡನೆಯ ತೊಡಕು ಕಣ್ಣಿಗೆ ಕಾಣದ ಅಕ್ಷರಗಳದ್ದು. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ ಕಾರದ ಕೆಳಗೆ ಕ ಕಾರದ ಒತ್ತು ಬಾರದಂತೆ ತಡೆಯಲು ನಡುವೆ ಅಗಲವಿಲ್ಲದ ಒಂದು ವಿಭಜಕವನ್ನು ಹಾಕುತ್ತೇವೆ. ಹಾಕದೆ ಟೈಪು ಮಾಡಿದವರ ದಾಖಲೆಯಲ್ಲಿ ಅದೇ ಹೆಸರು ‘ರಾಜ್ಕುಮಾರ್’ ಎಂದಾಗಿರುತ್ತದೆ. ಅಂಗಡಿಯ ಬೋರ್ಡಿನಲ್ಲಾದರೆ ಓದುಗ ಎರಡನ್ನೂ ಒಂದೇ ಎಂದು ಓದಿಕೊಂಡು ಮುಂದೆ ಹೋಗುತ್ತಾನೆ, ಹುಡುಕುವ ಯಂತ್ರ ಹಾಗೆ ಓದಿಕೊಳ್ಳುವುದಿಲ್ಲ. ನಾನು ಕಂಡುಕೊಂಡ ಉಪಾಯವೆಂದರೆ ಇಡೀ ಹೆಸರನ್ನು ಕೊಡದೆ, ವಿಭಜಕ ಬರಲಾರದ ಒಂದು ತುಂಡನ್ನು, ಇಲ್ಲಿ ‘ಕುಮಾರ್’ ಎಂಬುದನ್ನು ಕೊಟ್ಟು, ಬಂದದ್ದನ್ನು ಕಣ್ಣಿನಿಂದ ಸೋಸುವುದು. ಆ ತುಂಡು ಕೂಡ ಎಚ್ಚರಿಕೆಯಿಂದ ಆರಿಸಬೇಕಾದದ್ದು: ಒತ್ತಾಗಿ ಕೂಡಿಕೊಂಡ ‘ರಾಜ್ಕುಮಾರ್’ನಲ್ಲಿಯೂ ಸಂಕೇತಗಳ ಸಾಲಿನಲ್ಲಿ ‘ಕುಮಾರ್’ ಅಖಂಡವಾಗಿಯೇ ಇರುತ್ತದೆ, ಆದ್ದರಿಂದ ದೊರೆಯುತ್ತದೆ.

ಮೂರನೆಯದು ಹಳೆಯ ಫಾಂಟುಗಳ ಆಸ್ತಿ. ನುಡಿ ಮತ್ತು ಬರಹದ ಯುನಿಕೋಡ್ ಪೂರ್ವದ ಫಾಂಟುಗಳಲ್ಲಿ ಟೈಪಿಸಿದ ಎಕ್ಸೆಲ್ ಹಾಳೆಗಳನ್ನು ನೇರವಾಗಿ ಡೇಟಾಬೇಸಿಗೆ ಎಳೆದುಕೊಂಡಿದ್ದರೆ ಅಲ್ಲಿರುವುದು ಕನ್ನಡವೇ ಅಲ್ಲ. ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಕಲಸುಮೇಲೋಗರ. ಅದನ್ನು ಪರಿವರ್ತಕದ ಮೂಲಕ ಯುನಿಕೋಡಿಗೆ ತರುವ ತನಕ ಡಿಬೀವರ್ ಆಗಲಿ ಮತ್ತಾವುದಾಗಲಿ ಏನೂ ಮಾಡಲಾರದು.

ವಿಳಾಸಗಳದ್ದಂತೂ ಈ ನಗರಕ್ಕೇ ವಿಶಿಷ್ಟವಾದ ಕತೆ. ಮಾಟುಂಗದ ಪಿನ್‌ಕೋಡ್ 400019. ಕೆಲವರು ಅದನ್ನು ನಡುವೆ ಜಾಗ ಬಿಟ್ಟು 400 019 ಎಂದು ಬರೆಯುತ್ತಾರೆ, ಹಿರಿಯರು ‘ಮುಂಬಯಿ – 19’ ಎಂದು ಬರೆದು ಮುಗಿಸುತ್ತಾರೆ, ಕನ್ನಡದ ಅಭಿಮಾನಿಗಳು ೪೦೦೦೧೯ ಎಂದು ಬರೆಯುತ್ತಾರೆ. ಊರಿನ ಹೆಸರು 1995ಕ್ಕೆ ಮೊದಲಿನ ಅರ್ಜಿಗಳಲ್ಲಿ ಬೊಂಬಾಯಿ, ಆಮೇಲೆ ಮುಂಬಯಿ ಅಥವಾ ಮುಂಬೈ. ರೈಲು ನಿಲ್ದಾಣದ ಹೆಸರನ್ನು ಒಬ್ಬರು ಸಯನ್ ಎಂದರೆ ಇನ್ನೊಬ್ಬರು ಸಾಯನ್ ಎನ್ನುತ್ತಾರೆ, ಮರಾಠಿ ಬಲ್ಲವರು ಶೀವ್ ಎನ್ನುತ್ತಾರೆ. ಎಲ್ಲ ಕಾಲಂಗಳಲ್ಲಿ ಹುಡುಕುವ ಉಪಕರಣವು ಕಾಲಂ ತಿಳಿಯದ ತೊಂದರೆಯನ್ನು ನಿವಾರಿಸುತ್ತದೆಯೇ ಹೊರತು ಕಾಗುಣಿತ ತಿಳಿಯದ ತೊಂದರೆಯನ್ನಲ್ಲ. ಇದಕ್ಕೆ ಪ್ರತಿಯಾಗಿ, ಪದದ ತುಂಡಿನಿಂದ ಹುಡುಕುವ ಗುಣ ಒಂದು ಕಡೆ ಬಹಳ ಉಪಕಾರ ಮಾಡುತ್ತದೆ. ಮುಂಬಯಿಯ ಏಳಂಕಿಯ ಹಳೆಯ ಸ್ಥಿರ ದೂರವಾಣಿ ಸಂಖ್ಯೆಗಳ ಮುಂದೆ 2 ಸೇರಿ ಎಂಟಂಕಿಯಾದದ್ದರಿಂದ, ಹಳೆಯ ರಸೀದಿಯ ಮೇಲಿನ ಏಳಂಕಿಯನ್ನು ಕೊಟ್ಟರೂ ಹೊಸ ರೂಪದಲ್ಲಿರುವ ಸಂಖ್ಯೆ ತಾನಾಗಿ ಸಿಗುತ್ತದೆ, ಅದು ಪಠ್ಯವಾಗಿ ಸೇರಿಸಲ್ಪಟ್ಟಿದ್ದರೆ.

ಇನ್ನೊಂದು ಸೂಕ್ಷ್ಮವನ್ನು ಮಿಂಚಂಚೆ ವಿಳಾಸಗಳನ್ನು ಹುಡುಕುವವರು ತಿಳಿದಿರಬೇಕು. ಲೈಕ್ ಹೋಲಿಕೆಯಲ್ಲಿ ಅಡಿಗೆರೆಯ ಚಿಹ್ನೆಗೆ ‘ಯಾವುದಾದರೂ ಒಂದು ಅಕ್ಷರ’ ಎಂಬ ಅರ್ಥವಿದೆ. ಅಡಿಗೆರೆಯಿರುವ ವಿಳಾಸವನ್ನು ಹಾಗೆಯೇ ಹೋಲಿಕೆಗೆ ಕೊಟ್ಟರೆ ಆ ಜಾಗದಲ್ಲಿ ಬೇರೆ ಅಕ್ಷರವಿರುವ ಅನ್ಯರ ವಿಳಾಸಗಳೂ ಜೊತೆಗೆ ಬರಬಹುದು.

ಬಾಡಿಗೆಯ ಹೋಸ್ಟಿಂಗ್‌ನಲ್ಲಿ ಜಾಲತಾಣ ನಡೆಸುವ ಸಂಘಗಳಿಗೆ ಡಿಬೀವರ್‌ನಿಂದ ನೇರ ಸಂಪರ್ಕ ಸಿಗದಿರಬಹುದು. ಅವರ ಕೈಯಲ್ಲಿರುವುದು ಬ್ರೌಸರಿನಲ್ಲಿಯೇ ಮೈಎಸ್‌ಕ್ಯೂಎಲ್ ಡೇಟಾಬೇಸನ್ನು ನೋಡಿಕೊಳ್ಳುವ ಪಿಎಚ್‌ಪಿಮೈಅಡ್ಮಿನ್. 1998ರಿಂದ ಇರುವ ಈ ತಂತ್ರಾಂಶದಲ್ಲಿ ಡೇಟಾಬೇಸನ್ನು ಆರಿಸಿ ಸರ್ಚ್ ಎಂಬ ಟ್ಯಾಬನ್ನು ಒತ್ತಿದರೆ ಇದೇ ಕೆಲಸ ಇನ್ನೂ ಸರಳವಾಗಿ ಆಗುತ್ತದೆ. ಪದಗಳಲ್ಲಿ ಒಂದಾದರೂ ಇರಬೇಕೋ, ಎಲ್ಲವೂ ಇರಬೇಕೋ, ಇಡೀ ಪದಗುಚ್ಛ ತುಂಡಾಗಿ ಇದ್ದರೆ ಸಾಕೋ, ಕಾಲಂನ ಪೂರ್ಣ ಪಠ್ಯವೇ ಅದಾಗಿರಬೇಕೋ, ಇಲ್ಲವೇ ರೆಗ್ಯುಲರ್ ಎಕ್ಸ್‌ಪ್ರೆಶನ್ (ಅಕ್ಷರಗಳ ವಿನ್ಯಾಸವನ್ನು ಸೂತ್ರವಾಗಿ ಬರೆದದ್ದು) ಆಗಬೇಕೋ ಎಂದು ಐದು ಆಯ್ಕೆಗಳನ್ನು ಕೊಡುತ್ತದೆ. ಮೊದಲ ಆಯ್ಕೆಯಲ್ಲಿ ‘ಸದಾಶಿವ ಶೆಟ್ಟಿ’ ಎಂದು ಹುಡುಕಿದರೆ ಮುಂಬಯಿಯ ಕನ್ನಡ ಸಂಘದ ಅರ್ಧ ಸದಸ್ಯರೇ ಬಂದು ನಿಲ್ಲುತ್ತಾರೆ. ಮೂರನೆಯದನ್ನು ಆರಿಸುವುದು ಒಳ್ಳೆಯದು. ಇಲ್ಲಿ ಸಂಖ್ಯೆ, ದಿನಾಂಕ ಎಂಬ ಭೇದವಿಲ್ಲದೆ ಪ್ರತಿ ಕಾಲಂನ್ನೂ ಪಠ್ಯವಾಗಿ ಪರಿವರ್ತಿಸಿಕೊಂಡು ಹೋಲಿಸುವುದರಿಂದ, ಏನನ್ನೂ ಬಿಡದೆ ನೋಡುವ ವಿಷಯದಲ್ಲಿ ಇದು ಡಿಬೀವರ್‌ಗಿಂತ ಒಂದು ಕೈ ಮೇಲು. ಹೊಂದಿಕೆಗಳ ಎಣಿಕೆಯನ್ನು ಟೇಬಲ್‌ವಾರು ಕೊಡುತ್ತದೆ.

ಆದರೆ ಆ ಎಣಿಕೆಯ ಪಕ್ಕದಲ್ಲಿ ‘ನೋಡು’ ಎಂಬ ಕೊಂಡಿಯ ಜೊತೆಗೇ ‘ಅಳಿಸು’ ಎಂಬ ಕೊಂಡಿಯೂ ಇರುತ್ತದೆ. ಅದು ಅಳಿಸುವುದು ಹೊಂದಿಕೆಯಾದ ಸಾಲುಗಳನ್ನೆಲ್ಲ. ಅಳಿಸುವ ಮೊದಲು ಒಮ್ಮೆ ಕೇಳುತ್ತದೆ, ನಿಜ; ಆದರೂ ಸದಸ್ಯರ ಪಟ್ಟಿಯಲ್ಲಿ ಯಾವುದೋ ಹೆಸರನ್ನು ಹುಡುಕಲು ಬಂದವರ ಕೈಗೆ ಇಂಥ ಕೊಂಡಿಯನ್ನು ಅಷ್ಟು ಹತ್ತಿರ ಇಟ್ಟಿರುವುದು ನನಗೆ ಒಪ್ಪಿಗೆಯಿಲ್ಲ. ಹುಡುಕುವುದಷ್ಟೇ ಕೆಲಸವಾದವರಿಗೆ ಓದುವ ಹಕ್ಕು ಮಾತ್ರ ಇರುವ ಬಳಕೆದಾರರ ಖಾತೆಯನ್ನು ಡೇಟಾಬೇಸಿನಲ್ಲಿಯೇ ಮಾಡಿಕೊಡಬೇಕು. ಡಿಬೀವರ್‌ನಲ್ಲಿಯೂ ಸಂಪರ್ಕವನ್ನು ಓದಲು ಮಾತ್ರ ಎಂದು ಗುರುತಿಸುವ ಅನುಕೂಲವಿದೆ. ನಾನು ಅದನ್ನು ಹಾಕದೆ ಯಾರಿಗೂ ಬಿಟ್ಟುಕೊಡುವುದಿಲ್ಲ.

ಯಾವ ತಂತ್ರಾಂಶವನ್ನೂ ಹಾಕಿಕೊಳ್ಳದೆ ಪ್ರಶ್ನೆಯನ್ನು ಕೈಯಿಂದಲೇ ಬರೆಯುವವರೂ ಇದ್ದಾರೆ. ಹುಡುಕುವ ಪದವನ್ನು ಎಡಗಡೆ ಇಟ್ಟು, ‘ಇನ್’ ಎಂಬ ಪದದ ಮುಂದಿನ ಆವರಣದಲ್ಲಿ ಕಾಲಂಗಳ ಹೆಸರನ್ನೆಲ್ಲ ಬರೆದರೆ, ಇವುಗಳಲ್ಲಿ ಯಾವುದಾದರೂ ಒಂದು ಈ ಪದಕ್ಕೆ ಸಮವೇ ಎಂದು ಕೇಳಿದಂತಾಗುತ್ತದೆ. ನೋಡಲು ಅಂದವಾದ ಬರವಣಿಗೆ. ಮೈಎಸ್‌ಕ್ಯೂಎಲ್‌ನಲ್ಲಿ ಇದಕ್ಕೊಂದು ಗುಂಡಿ ಇದೆ: ಪಠ್ಯವನ್ನು ಸಂಖ್ಯೆಯ ಕಾಲಂ ಜೊತೆ ಹೋಲಿಸುವಾಗ ಅದು ಪಠ್ಯವನ್ನು ಸಂಖ್ಯೆಯಾಗಿ ಮಾಡಿಕೊಳ್ಳುತ್ತದೆ, ‘ಮಾಟುಂಗ’ ಎಂಬ ಪದ ಸಂಖ್ಯೆಯಾದಾಗ ಸೊನ್ನೆಯಾಗುತ್ತದೆ, ಬಾಕಿ ಶುಲ್ಕದ ಕಾಲಂನಲ್ಲಿ ಸೊನ್ನೆ ಇರುವ ಪ್ರತಿ ಸದಸ್ಯರೂ ಹೊಂದಿಕೆಯೆಂದು ಪಟ್ಟಿಗೆ ಬರುತ್ತಾರೆ. ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಇಂಥ ಕಡೆ ದೋಷ ತೋರಿಸಿ ನಿಂತುಬಿಡುತ್ತದೆ. ನನಗೆ ಆ ಕಟ್ಟುನಿಟ್ಟೇ ಇಷ್ಟ. ಎಲ್ಲ ಕಾಲಂಗಳನ್ನೂ ಅಂಟಿಸಿ ಒಂದು ಉದ್ದ ಪಠ್ಯ ಮಾಡಿ ಹುಡುಕುವವರು, ಮೈಎಸ್‌ಕ್ಯೂಎಲ್‌ನ ಕಾನ್‌ಕ್ಯಾಟ್ ಬಳಸಿದರೆ ಒಂದು ಕಾಲಂ ಖಾಲಿಯಾಗಿ ನಲ್ ಆಗಿದ್ದರೂ ಇಡೀ ಪಠ್ಯವೇ ನಲ್ ಆಗಿ ಆ ಸಾಲು ಕಾಣೆಯಾಗುತ್ತದೆಂಬುದನ್ನು ಮರೆಯಬಾರದು. ನಡುವೆ ವಿಭಾಜಕ ಹಾಕುವ ಅದರ ಇನ್ನೊಂದು ರೂಪವಾದ ಕಾನ್‌ಕ್ಯಾಟ್ ಡಬ್ಲ್ಯೂಎಸ್ ನಲ್‌ಗಳನ್ನು ದಾಟಿ ಹೋಗುತ್ತದೆ, ಒಂದು ಕಾಲಂನ ಕೊನೆಯೂ ಮುಂದಿನದರ ಮೊದಲೂ ಸೇರಿ ಇಲ್ಲದ ಪದವೊಂದು ಹುಟ್ಟುವುದನ್ನೂ ತಡೆಯುತ್ತದೆ. ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನಲ್ಲಿ ಇಷ್ಟೂ ಬೇಕಿಲ್ಲ; ಟೇಬಲ್‌ನ ಹೆಸರನ್ನೇ ಪಠ್ಯವಾಗಿ ಪರಿವರ್ತಿಸಿದರೆ ಇಡೀ ಸಾಲು ಪಠ್ಯವಾಗುತ್ತದೆ, ಅದರ ಮೇಲೆ ಒಂದು ಲೈಕ್ ಸಾಕು. ಕಾಲಂಗಳ ಹೆಸರು ಗೊತ್ತಿಲ್ಲದಿದ್ದರೂ ನಡೆಯುವ ಈ ಒಂದು ಸಾಲಿನ ಉಪಾಯ ಬಲ್ಲವರಿಗೆ ಒಂದೇ ಟೇಬಲ್‌ನ ಮಟ್ಟಿಗೆ ಡಿಬೀವರ್‌ನ ಕಿಟಕಿ ತೆರೆಯುವ ಅಗತ್ಯವೇ ಬೀಳುವುದಿಲ್ಲ.

ಖಾಸಗಿತನದ ಮಾತೊಂದು ಇಲ್ಲಿ ಬರಲೇಬೇಕು. ಎಲ್ಲ ಕಾಲಂಗಳಲ್ಲಿ ಹುಡುಕುವ ಸೌಲಭ್ಯವೆಂದರೆ ಎಲ್ಲ ಕಾಲಂಗಳನ್ನೂ ಓದುವ ಅಧಿಕಾರವೇ. ವಿದ್ಯಾರ್ಥಿವೇತನದ ಅರ್ಜಿಯೊಡನೆ ಪಡೆದ ಆಧಾರ್ ಸಂಖ್ಯೆಯೂ ವೈದ್ಯಕೀಯ ನೆರವಿನ ಕಾರಣವೂ ಹೆಸರು ಹುಡುಕುವವನ ಪರದೆಯ ಮೇಲೆ ಅದೇ ಸಾಲಿನಲ್ಲಿ ಬಂದು ಕೂರುತ್ತವೆ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಹಿನ್ನೆಲೆಯಲ್ಲಿ ಸಂಘಗಳೂ ಇದನ್ನು ಗಂಭೀರವಾಗಿ ಪರಿಗಣಿಸಬೇಕು. ಅಂಥ ಕಾಲಂಗಳನ್ನು ಬಿಟ್ಟು ಒಂದು ವ್ಯೂ, ಅಂದರೆ ಟೇಬಲ್‌ನ ಆಯ್ದ ಭಾಗವನ್ನಷ್ಟೇ ತೋರಿಸುವ ನೋಟ, ಮಾಡಿ, ಸ್ವಯಂಸೇವಕರ ಖಾತೆಗೆ ಆ ವ್ಯೂ ಮಾತ್ರ ಕಾಣುವಂತೆ ಮಾಡುವುದು ಕಷ್ಟದ ಕೆಲಸವೇನಲ್ಲ.

ಇಷ್ಟೆಲ್ಲದರ ನಡುವೆ ಯಾರಿಗೆ ಇದನ್ನು ಶಿಫಾರಸು ಮಾಡುತ್ತೇನೆಂದರೆ, ಬೇರೆಯವರು ಕಟ್ಟಿದ, ವಿವರಣೆಯ ಕಾಗದಗಳು ಉಳಿದಿಲ್ಲದ ಡೇಟಾಬೇಸು ಕೈಗೆ ಬಂದವರಿಗೆ. ಯಾವ ಮಾಹಿತಿ ಎಲ್ಲಿದೆಯೆಂದು ತಿಳಿಯಲು ಗೊತ್ತಿರುವ ಒಬ್ಬ ಸದಸ್ಯರ ಹೆಸರನ್ನು ಕೊಟ್ಟು ಹುಡುಕಿದರೆ ಸದಸ್ಯತ್ವ, ದೇಣಿಗೆ, ಗ್ರಂಥಾಲಯದ ಟೇಬಲ್‌ಗಳ ನಕ್ಷೆಯೇ ಕಣ್ಣೆದುರು ಬಿಡಿಸಿಕೊಳ್ಳುತ್ತದೆ. ಆದರೆ ದಿನವೂ ಎಲ್ಲ ಕಾಲಂಗಳಲ್ಲಿ ಹುಡುಕುವ ಪರಿಸ್ಥಿತಿ ಇದ್ದರೆ ದೋಷವಿರುವುದು ಟೇಬಲ್‌ನ ರಚನೆಯಲ್ಲಿ. ದೂರವಾಣಿ ಒಂದು, ಎರಡು, ಮೂರು ಎಂದು ಕಾಲಂಗಳನ್ನು ಬೆಳೆಸುವ ಬದಲು ದೂರವಾಣಿಗಳಿಗೇ ಬೇರೆ ಟೇಬಲ್ ಮಾಡಿ, ಸಾಲಿಗೊಂದು ಸಂಖ್ಯೆಯಂತೆ ಬರೆದು, ಅದಕ್ಕೊಂದು ಸೂಚಿ ಕಟ್ಟಿದರೆ, ಕೌಂಟರಿನಲ್ಲಿ ಕುಳಿತ ಸ್ವಯಂಸೇವಕರಿಗೆ ಯಾವ ವಿಶೇಷ ತಂತ್ರಾಂಶವೂ ಇಲ್ಲದೆ ಉತ್ತರ ಸಿಗುತ್ತದೆ. ಅಲ್ಲಿಯವರೆಗೆ ಡಿಬೀವರ್ ಬಳಸುವವರು ಸಂಖ್ಯೆಯ ಮತ್ತು ದೊಡ್ಡ ಪಠ್ಯದ ಗುರುತುಗಳನ್ನು ಹಾಕಿ, ವೇಗದ ಗುರುತನ್ನು ತೆಗೆದು, ಸಾಲುಗಳ ಮಿತಿಯನ್ನು ಹೆಚ್ಚಿಸಿಕೊಂಡು ಹುಡುಕಲಿ. ಆಗಲೂ ಹೆಸರು ಸಿಗದಿದ್ದರೆ ಅದರ ಒಂದು ತುಂಡನ್ನು ಕೊಟ್ಟು, ಕನ್ನಡದ ಜೊತೆಗೆ ರೋಮನ್ ಮತ್ತು ನಾಗರಿ ಲಿಪಿಗಳಲ್ಲಿಯೂ ಒಮ್ಮೊಮ್ಮೆ ನೋಡಿದ ಮೇಲೆಯೇ, ಬಂದವರಿಗೆ ಹೆಸರು ದಾಖಲೆಯಲ್ಲಿಲ್ಲ ಎಂದು ಹೇಳಲಿ.